ಮನೆಯ ಪ್ಯಾಸಿವ್ ಸಬ್‌ವೂಫರ್‌ಗೆ ಎಂಥ ಆಂಪ್ಲಿಫೈಯರ್ ಬೇಕು, ಸೆಟ್ ಮಾಡುವುದು ಹೇಗೆ?

ನಿಮ್ಮದು 4 ಓಮ್ (ವಿದ್ಯುತ್ ತಡೆಯ ಅಳತೆ), 200 ವ್ಯಾಟ್ ಆರ್‌ಎಂಎಸ್‌ನ (ಸತತವಾಗಿ ತಾಳುವ ಶಕ್ತಿ) ಪ್ಯಾಸಿವ್ ಸಬ್‌ವೂಫರ್, ಅಂದರೆ ಒಳಗೆ ಆಂಪ್ಲಿಫೈಯರ್ ಇಲ್ಲದ ಬೇಸ್ ಸ್ಪೀಕರ್ ಅಂದುಕೊಳ್ಳಿ. ಅದಕ್ಕೆ 4 ಓಮ್ ಲೋಡ್‌ನಲ್ಲಿ 200ರಿಂದ 300 ವ್ಯಾಟ್ ಆರ್‌ಎಂಎಸ್ ಕೊಡುವ ಕ್ಲಾಸ್-ಡಿ (ಕಡಿಮೆ ಬಿಸಿಯಾಗುವ ಬಗೆ) ಮೊನೊ (ಒಂದೇ ಚಾನೆಲ್‌ನ) ಆಂಪ್ ಸಾಕು. ಡಬ್ಬಿಯ ಮೇಲಿನ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂದು ಹಿಗ್ಗಿಸಿ ಹೇಳುವ) ಅಂಕಿಯನ್ನು ದಯವಿಟ್ಟು ನಂಬಬೇಡಿ.

ರಿಸೀವರ್‌ನ (ದನಿಯನ್ನು ಸ್ಪೀಕರ್‌ಗಳಿಗೆ ಹಂಚುವ ಸಾಧನ) ಸಬ್ ಔಟ್‌ನಿಂದ ಆಂಪಿಗೆ ಆರ್‌ಸಿಎ ಕೇಬಲ್ ಎಳೆಯಿರಿ. ಕ್ರಾಸೋವರನ್ನು (ಯಾವ ಆವರ್ತನದ ಕೆಳಗಿನ ದನಿ ಸಬ್‌ವೂಫರ್‌ಗೆ ಹೋಗಬೇಕು ಅನ್ನುವ ಗಡಿ) ರಿಸೀವರ್‌ನಲ್ಲಿ 80 ಹರ್ಟ್ಜ್‌ಗೆ ಇಟ್ಟು, ಆಂಪಿನಲ್ಲಿ ಇದೇ ಕೆಲಸ ಮಾಡುವ ಲೋ-ಪಾಸ್ ನಾಬನ್ನು ಪೂರ್ತಿ ಮೇಲಕ್ಕೆ ತಿರುಗಿಸಿ. ಎರಡೂ ಕಡೆ ಕತ್ತರಿಸಿದರೆ ಬೇಸ್ ಸೊರಗುತ್ತದೆ. ಸಬ್‌ವೂಫರ್ ಪೆಟ್ಟಿಗೆಗೆ ಪೋರ್ಟ್ (ಗಾಳಿ ಹೋಗಿಬರುವ ಕೊಳವೆ) ಇದ್ದರೆ ಸಬ್‌ಸಾನಿಕ್ ಫಿಲ್ಟರ್ (ತೀರಾ ಕೆಳಗಿನ ಆವರ್ತನಗಳನ್ನು ತಡೆಯುವ ಶೋಧಕ) ಇರುವ ಆಂಪನ್ನೇ ಕೊಳ್ಳಿ. ಪೋರ್ಟ್ ಟ್ಯೂನ್ ಆದ ಆವರ್ತನಕ್ಕಿಂತ ಕೆಳಗೆ ಕೋನನ್ನು (ಸ್ಪೀಕರಿನ ಅಲುಗುವ ಭಾಗ) ಹಿಡಿದಿಡಲು ಪೆಟ್ಟಿಗೆಯ ಗಾಳಿಯ ಒತ್ತಡ ಇರುವುದಿಲ್ಲ, ಜೋರಾಗಿ ಇಟ್ಟರೆ ಅದು ಹದ್ದುಮೀರಿ ಆಡಿ ಹಾಳಾಗಬಹುದು.

ನನ್ನ ಪ್ರಕಾರ ಆಂಪಿಗಿಂತ ಜಾಗವೇ ಮುಖ್ಯ. ಸಬ್‌ವೂಫರನ್ನು ನೀವು ಕೂರುವ ಸೋಫಾದ ಮೇಲಿಟ್ಟು, ಬೇಸ್ ಹೆಚ್ಚಿರುವ ಹಾಡು ಹಾಕಿ, ಗೋಡೆಗುಂಟ ಮಂಡಿಯೂರಿ ಸಾಗುತ್ತಾ ಕೇಳಿ. ಎಲ್ಲಿ ಬೇಸ್ ಗುಂಯ್‌ಗುಡದೆ ಬಿಡಿಬಿಡಿಯಾಗಿ ಕೇಳುತ್ತದೋ ಅಲ್ಲಿ ಪೆಟ್ಟಿಗೆ ಇಡಿ. ಆಮೇಲೆ ಫೇಸ್ ಸ್ವಿಚ್ಚನ್ನು (ಸಬ್‌ವೂಫರ್‌ನ ಅಲೆಯನ್ನು ಬೇರೆ ಸ್ಪೀಕರ್‌ಗಳಿಗೆ ಹೊಂದಿಸುವ ಸ್ವಿಚ್) 0, 180 ಡಿಗ್ರಿ ಎರಡರಲ್ಲೂ ಇಟ್ಟು ನೋಡಿ, ಬೇಸ್ ತುಂಬಿ ಬರುವುದನ್ನು ಉಳಿಸಿಕೊಳ್ಳಿ. ಆಂಪಿನ ಗೇನನ್ನು (ದನಿಯ ಮಟ್ಟ ಹೊಂದಿಸುವ ನಾಬ್) ಸೊನ್ನೆಯಿಂದ ನಿಧಾನವಾಗಿ ಏರಿಸಿ. ದನಿ ಪೆಟ್ಟಿಗೆ ಇಟ್ಟ ಕಡೆಯಿಂದಲೇ ಬರುತ್ತಿದೆ ಅನ್ನಿಸಿದರೆ ಸ್ವಲ್ಪ ಇಳಿಸಿ.