ಪ್ಯಾಟರ್ನ್ ಪ್ರಕಾರವೇ ಕತ್ತರಿಸಿದರೂ ಕುರ್ತಾ ಯಾಕೆ ಮೈಗೆ ಕೂರಲ್ಲ?

ನಿಮ್ಮ ಪ್ರಶ್ನೆ ಇಷ್ಟು: ಹಾಸನದಲ್ಲಿದ್ದೀರಿ, ಆನ್‌ಲೈನ್‌ನಲ್ಲಿ ದುಡ್ಡು ಕೊಟ್ಟು ಒಂದು ವಿದೇಶಿ ಕುರ್ತಾ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸೋಕೆ ಇಡೋ ಕಾಗದದ ನಕ್ಷೆ, ಇಳಿಸಿಕೊಂಡಿದ್ದೀರಿ. ಎದೆ ಸುತ್ತಳತೆ 38 ಇಂಚು ಬಂತು ಅಂತ ಚಾರ್ಟಿನಲ್ಲಿ 38ಕ್ಕೆ ಯಾವ ಸೈಜ್ ಇತ್ತೋ ಅದನ್ನೇ ಕತ್ತರಿಸಿದ್ದೀರಿ. ಎದೆ ಹತ್ತಿರ ಸರಿಯಾಗಿ ಕೂತಿದೆ. ಆದರೆ ಭುಜ ತೋಳಿನ ಮೇಲಕ್ಕೆ ಇಳಿಯುತ್ತೆ, ಕುತ್ತಿಗೆ ಬಾಯಿ ಬಿಡುತ್ತೆ, ಕೈ ಎತ್ತಿದರೆ ಇಡೀ ಕುರ್ತಾ ಮೇಲೆ ಬರುತ್ತೆ. ತಪ್ಪು ಪ್ಯಾಟರ್ನಿನದೋ ಹೊಲಿಗೆಯದೋ ಅಂತ ಕೇಳಿದ್ದೀರಿ.

ಹೊಲಿಗೆಯದಂತೂ ಅಲ್ಲ. ಪ್ಯಾಟರ್ನೂ ಬಹುಶಃ ಚೆನ್ನಾಗೇ ಇದೆ. ಸೈಜ್ ಆರಿಸೋಕೆ ನೋಡಬೇಕಾದ ಅಳತೆ ಅದಲ್ಲ, ಅಷ್ಟೇ. ಟೇಪನ್ನು ಬೆನ್ನಿನಿಂದ ಎರಡೂ ಕಂಕುಳಿನ ಕೆಳಗೆ ತಂದು, ಮುಂದುಗಡೆ ಎದೆಯ ಉಬ್ಬಿಗಿಂತ ಮೇಲೆ ಸೇರಿಸಿ ಹಿಡಿಯಿರಿ. ನಮ್ಮ ಟೈಲರ್‌ಗಳು ಅಪ್ಪರ್ ಚೆಸ್ಟ್ ಅನ್ನೋದು ಇದನ್ನೇ. ಭುಜ, ಕುತ್ತಿಗೆ, ಬೆನ್ನಿನ ಅಗಲ, ಆರ್ಮ್‌ಹೋಲ್ (ತೋಳು ಕೂರಿಸೋ ಬಾಯಿ) ಎಲ್ಲ ಮೂಳೆಯ ಲೆಕ್ಕ. ಅದು ಈ ಮೇಲಿನ ಅಳತೆಗೆ ಹೊಂದುತ್ತೆ, ಕೆಳಗಿನ 38ಕ್ಕಲ್ಲ. ನೀವು ಹೇಳಿದ ಲಕ್ಷಣ ನೋಡಿದರೆ ನಿಮ್ಮ ಅಪ್ಪರ್ ಚೆಸ್ಟ್ 34ರ ಆಸುಪಾಸು ಇರಬೇಕು.

ಅಮೆರಿಕದ ದೊಡ್ಡ ಪ್ಯಾಟರ್ನ್ ಕಂಪನಿಗಳೆಲ್ಲ ಬಿ ಕಪ್ ಇಟ್ಟುಕೊಂಡು ಕರಡು ಹಾಕುತ್ತವೆ. ಅಂದರೆ ಎದೆಯ ಮೇಲಿನ ಅಳತೆಗೂ ತುಂಬಿದ ಜಾಗದ ಅಳತೆಗೂ 2 ಇಂಚು ವ್ಯತ್ಯಾಸ ಅಂತ ಅವರ ಲೆಕ್ಕ. ನಿಮ್ಮದು 4 ಇಂಚು ವ್ಯತ್ಯಾಸ ಅಂತಿಟ್ಟುಕೊಳ್ಳಿ. ಆಗ 34ಕ್ಕೆ 2 ಸೇರಿಸಿ, ಚಾರ್ಟಿನಲ್ಲಿ ಎದೆ 36 ಇರೋ ಸೈಜ್ ತಗೊಳ್ಳಬೇಕು. ಭುಜ, ಕುತ್ತಿಗೆ ಎರಡೂ ಅಲ್ಲಿಗೆ ದಾರಿಗೆ ಬರುತ್ತವೆ. ಕಡಿಮೆ ಬಿದ್ದ 2 ಇಂಚನ್ನು ಎಲ್ಲಿ ಬೇಕೋ ಅಲ್ಲಿ, ಅಂದರೆ ಮುಂಭಾಗದಲ್ಲಿ ಮಾತ್ರ ಸೇರಿಸಬೇಕು.

1863ರಲ್ಲಿ ಅಮೆರಿಕದ ಎಬೆನೆಜರ್ ಬಟರಿಕ್ ಅನ್ನೋ ದರ್ಜಿ ಸೈಜ್‌ವಾರು ಕಾಗದದ ಪ್ಯಾಟರ್ನ್ ಮಾರೋಕೆ ಶುರುಮಾಡಿದ. ಮನೆಯಲ್ಲಿ ಹೊಲಿಯುವವರಿಗೆ ಅದರಿಂದ ದೊಡ್ಡ ಉಪಕಾರವೇ ಆಯ್ತು. ಆದರೆ ಸೈಜ್ ಅಂದಮೇಲೆ ಎದೆ ಹಿಗ್ಗಿದಷ್ಟೂ ಭುಜ, ಕುತ್ತಿಗೆಯೂ ಹಿಗ್ಗಬೇಕು ಅನ್ನೋ ಲೆಕ್ಕ ಒಳಗೆ ಕೂತೇ ಇರುತ್ತೆ. ನಮ್ಮ ಟೈಲರಿಂಗ್ ಕ್ಲಾಸುಗಳ ಲೆಕ್ಕವೂ ಅದೇ ಜಾತಿಯದು. ಕುತ್ತಿಗೆಯ ಅಗಲಕ್ಕೆ ಎದೆಯ ಹನ್ನೆರಡರಲ್ಲಿ ಒಂದು ಭಾಗ ಅಂತ ಬರೆಸುತ್ತಾರಲ್ಲ, 38ಕ್ಕೆ ಅದು 3 ಇಂಚು ದಾಟುತ್ತೆ, 34ಕ್ಕೆ 3 ಇಂಚು ಮುಟ್ಟಲ್ಲ. ಎರಡೂ ಬದಿ ಸೇರಿದರೆ ಅರ್ಧ ಇಂಚಿಗೂ ಮೀರಿದ ವ್ಯತ್ಯಾಸ. ಭುಜ ಜಾರೋಕೆ ಅಷ್ಟು ಸಾಕು. ಪಳಗಿದ ಟೈಲರ್ ಎದುರಿಗೆ ನಿಂತವರನ್ನು ನೋಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆಯುವಾಗಲೇ ಇದನ್ನು ತಿದ್ದಿಬಿಡ್ತಾರೆ. ಪ್ಯಾಟರ್ನ್ ನಿಮ್ಮನ್ನು ನೋಡಿಲ್ಲವಲ್ಲ, ಆ ತಿದ್ದುವ ಕೆಲಸ ನಿಮ್ಮ ಪಾಲಿಗೆ ಬಂದಿದೆ.

ಮುಂಭಾಗ ಹಿಗ್ಗಿಸೋದು ಹೀಗೆ. ಪ್ಯಾಟರ್ನನ್ನು ನ್ಯೂಸ್‌ಪೇಪರ್ ಮೇಲೋ ಬ್ರೌನ್ ಪೇಪರ್ ಮೇಲೋ ಇಳಿಸಿಕೊಳ್ಳಿ, ಮೂಲದ ಹಾಳೆಗೆ ಕತ್ತರಿ ತಾಗಿಸಬೇಡಿ. ಕಾಗದವನ್ನು ಮೈಗೆ ಹಿಡಿದು ಎದೆಯ ತುದಿ ಎಲ್ಲಿ ಬರುತ್ತೆ ಅಂತ ಚುಕ್ಕಿ ಇಡಿ. ಆ ಚುಕ್ಕಿಯಿಂದ ಮೂರು ಗೆರೆ: ಒಂದು ನೇರ ಕೆಳಗೆ ಅಂಚಿನವರೆಗೆ, ಇನ್ನೊಂದು ಓರೆಯಾಗಿ ಮೇಲೆ ಆರ್ಮ್‌ಹೋಲಿನ ಕೆಳಭಾಗಕ್ಕೆ, ಮೂರನೆಯದು ಪಕ್ಕದ ಹೊಲಿಗೆಗೆ. ಅಂಚಿನಿಂದ ಹೊರಟು ಚುಕ್ಕಿ ದಾಟಿ ಆರ್ಮ್‌ಹೋಲಿನ ತನಕ ಕತ್ತರಿಸಿ, ಆದರೆ ಆರ್ಮ್‌ಹೋಲಿನ ಹತ್ತಿರ ಎಳೆಯಷ್ಟು ಕಾಗದ ಹಾಗೇ ಇರಲಿ. ಪಕ್ಕದ ಗೆರೆಯನ್ನೂ ಹೊರಗಿನಿಂದ ಕತ್ತರಿಸಿ ಚುಕ್ಕಿಯ ಹತ್ತಿರ ಅಂಟಿಕೊಂಡಿರೋ ಹಾಗೆ ನಿಲ್ಲಿಸಿ. ಈಗ ಕೆಳಗಿನ ಸೀಳನ್ನು ಎರಡೂ ಅಂಚು ಸಮಾನಾಂತರ ಇರೋ ಹಾಗೆ 1 ಇಂಚು ಅಗಲಿಸಿ. ಬೇಕಾದ್ದು 2 ಇಂಚಾದರೂ ಕೈಯಲ್ಲಿರೋದು ಅರ್ಧ ಮುಂಭಾಗ, ಅದಕ್ಕೆ 1. ಅಗಲಿಸುತ್ತಿದ್ದ ಹಾಗೆ ಪಕ್ಕದ ಸೀಳು ತಾನಾಗೇ ಬಾಯಿ ತೆರೆಯುತ್ತೆ. ಅದೇ ನಿಮ್ಮ ಟಕ್ಸ್, ಅಂದರೆ ಎದೆಗೆ ಆಕಾರ ಕೊಡೋಕೆ ಮಡಚಿ ಹೊಲಿಯೋ ಮೊನಚು ಮಡಿಕೆ. ಮಧ್ಯದ ತುಂಡು ಕೆಳಗಡೆ ಗಿಡ್ಡ ಕಾಣುತ್ತೆ. ಅದನ್ನು ಅಡ್ಡಕ್ಕೆ ಕತ್ತರಿಸಿ ಪಕ್ಕದ ತುಂಡಿನ ಸಮಕ್ಕೆ ಇಳಿಸಿ, ಖಾಲಿ ಜಾಗಕ್ಕೆಲ್ಲ ಕಾಗದ ಅಂಟಿಸಿ. ಹೊಲಿಯುವಾಗ ಟಕ್ಸಿನ ಮೊನೆಯನ್ನು ಎದೆಯ ತುದಿಗಿಂತ ಸುಮಾರು 1 ಇಂಚು ಹಿಂದೆಯೇ ನಿಲ್ಲಿಸಿ. ತುದಿಯವರೆಗೂ ಒಯ್ದರೆ ಅಲ್ಲಿ ಚೂಪಾಗಿ ಎದ್ದು ಕಾಣುತ್ತೆ. ಓದುವಾಗ ತಲೆ ತಿರುಗುತ್ತೆ ಅಂತ ಗೊತ್ತು. ಕಾಗದ ಮುಂದಿಟ್ಟುಕೊಂಡು ಮಾಡಿ, ಬಿಡಿಸಿಕೊಳ್ಳುತ್ತೆ.

ಕೈ ಎತ್ತಿದರೆ ಕುರ್ತಾ ಮೇಲೆ ಬರುತ್ತೆ ಅಂದಿರಲ್ಲ, ಇಲ್ಲಿ ಸ್ವಲ್ಪ ನಿಲ್ಲೋಣ. ಕೈ ಎತ್ತೋಕೆ ಕಷ್ಟ ಅಂದ ತಕ್ಷಣ ಎಲ್ಲರಿಗೂ ಹೊಳೆಯೋದು ಆರ್ಮ್‌ಹೋಲನ್ನು ಇನ್ನೂ ಕೆಳಗೆ ಕೊರೆಯೋದು. ಹಾಗೆ ಮಾಡಿದರೆ ಕಂಕುಳು ಸಡಿಲ ಅನ್ನಿಸುತ್ತೆ, ಕೈ ಎತ್ತಿದರೆ ಮಾತ್ರ ಕುರ್ತಾ ಮೊದಲಿಗಿಂತ ಜಾಸ್ತಿ ಮೇಲೇರುತ್ತೆ. ತೋಳು ಮತ್ತು ಪಕ್ಕದ ಹೊಲಿಗೆ ಸೇರೋ ಜಾಗ ಎಷ್ಟು ಕೆಳಗಿರುತ್ತೋ, ಕೈ ಎತ್ತುವಾಗ ಅಷ್ಟು ಉದ್ದದ ಬಟ್ಟೆಯನ್ನು ತೋಳು ಜೊತೆಗೇ ಎಳೆದುಕೊಂಡು ಹೋಗುತ್ತೆ. ಆ ಜಾಗ ಕಂಕುಳಿಗೆ ಹತ್ತಿರ ಇದ್ದರೆ ಕೈ ಮಾತ್ರ ಏಳುತ್ತೆ, ಮೈ ಬಟ್ಟೆ ಅಲ್ಲೇ ಇರುತ್ತೆ. ನಿಮ್ಮ ಕುರ್ತಾದಲ್ಲಿ ಸೈಜೇ ದೊಡ್ಡದಾಗಿರೋದರಿಂದ ಆರ್ಮ್‌ಹೋಲೂ ತಗ್ಗಿದೆ. 36ರ ಸೈಜಿಗೆ ಬಂದರೆ ಅರ್ಧ ಕಾಯಿಲೆ ವಾಸಿ. ಆಮೇಲೂ ಎಳೆದರೆ ಆರ್ಮ್‌ಹೋಲಿನ ಅಡಿಯನ್ನು ಅರ್ಧ ಇಂಚು ಮೇಲೆತ್ತಿ, ತೋಳಿನ ಗುಡ್ಡೆಯ (ತೋಳಿನ ತುಂಡಿನ ಮೇಲ್ತುದಿಯ ಉಬ್ಬಿನ) ಎತ್ತರ ಸ್ವಲ್ಪ ಇಳಿಸಿ ಅಗಲ ಕೊಡಿ. ಕೈ ಕೆಳಗೆ ಬಿಟ್ಟಾಗ ಕಂಕುಳಿನ ಹತ್ತಿರ ಒಂದೆರಡು ಮಡಿಕೆ ಬೀಳುತ್ತೆ. ಬೀಳಲಿ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಲ್ಲೋರಿಗೆ ಮಡಿಕೆ ಇಲ್ಲದ ತೋಳು ಆಗಿಬರಲ್ಲ. ಹಳೇ ಕಾಲದ ಜುಬ್ಬಗಳಲ್ಲಿ ಕಂಕುಳಿನ ಅಡಿಗೆ ಚೌಕದ ತುಂಡು ಸೇರಿಸುತ್ತಿದ್ದದ್ದೂ ಇದೇ ಕಾರಣಕ್ಕೆ. ಸಡಿಲ ಕುರ್ತಾಕ್ಕೆ ಈಗಲೂ ಅದನ್ನು ಹಾಕಿ ನೋಡಬಹುದು.

ಇಷ್ಟೆಲ್ಲ ಆದಮೇಲೂ ಒಳ್ಳೇ ಬಟ್ಟೆಗೆ ಕತ್ತರಿ ಹಾಕಬೇಡಿ. ಮೊದಲು ಒಂದು ಮಾದರಿ ಹೊಲಿಯಿರಿ. ಕೋರಾ ಬಟ್ಟೆ ತರಬಹುದು, ಹಳೇ ಬೆಡ್‌ಶೀಟೂ ನಡೆಯುತ್ತೆ. ಹಳೇ ಪಂಚೆ ಬೇಡ ಅಂತೀನಿ. ಒಗೆದೊಗೆದು ಅದು ಎಷ್ಟು ಮೆತ್ತಗಾಗಿರುತ್ತೆ ಅಂದರೆ ತಪ್ಪುಗಳನ್ನೆಲ್ಲ ಮುಚ್ಚಿಹಾಕಿ ಮೈಗೆ ಇಳಿದುಬಿಡುತ್ತೆ. ನಿಜವಾದ ಬಟ್ಟೆಯಷ್ಟೇ ದಪ್ಪದ್ದು ಇರಲಿ. ಮಷೀನಿನಲ್ಲಿ ಹೊಲಿಗೆಯನ್ನು ಆದಷ್ಟು ಉದ್ದಕ್ಕೆ ಇಟ್ಟು ಕಚ್ಚಾ ಹೊಲಿಗೆ ಹಾಕಿ, ಬಿಚ್ಚೋಕೆ ಸುಲಭ. ಪಟ್ಟಿ, ಮಡಿಕೆ, ಅಂಚು ಏನೂ ಬೇಡ. ಒಂದು ತೋಳು ಕೂರಿಸಿದರೆ ಸಾಕು.

ಹಾಕಿಕೊಂಡು ಕನ್ನಡಿ ಮುಂದೆ ನಿಂತು ಭುಜದಿಂದ ಕೆಳಗೆ ನೋಡುತ್ತ ಬನ್ನಿ. ಬಟ್ಟೆ ನೇತಾಡೋದು ಭುಜದಿಂದಲೇ, ಅಲ್ಲಿ ಸರಿಯಾಗದೆ ಸೊಂಟ ಹಿಡಿಯೋಕೆ ಹೋದರೆ ವ್ಯರ್ಥ. ಕುತ್ತಿಗೆಯ ಬುಡದಿಂದ ಕಂಕುಳಿನ ಕಡೆಗೆ ಓರೆ ಮಡಿಕೆ ಇಳಿಯುತ್ತಿದ್ದರೆ ನಿಮ್ಮ ಭುಜ ಪ್ಯಾಟರ್ನಿಗಿಂತ ಇಳಿಜಾರು. ಭುಜದ ತುದಿಯ ಕಡೆ ಹೆಚ್ಚಾದ ಬಟ್ಟೆ ಪಿನ್ ಮಾಡಿ, ಅಷ್ಟನ್ನೇ ಕಾಗದದಲ್ಲಿ ಇಳಿಸಿ, ಆರ್ಮ್‌ಹೋಲಿನ ಅಡಿಯನ್ನೂ ಅಷ್ಟೇ ಕೆಳಗೆ ತನ್ನಿ. ಬೆನ್ನಿನಲ್ಲಿ ಕುತ್ತಿಗೆಯ ಕೆಳಗೇ ಅಡ್ಡ ಮಡಿಕೆ ನಿಂತರೆ ಉಲ್ಟಾ, ಭುಜ ಎತ್ತರ. ಕುರ್ತಾ ಸದಾ ಹಿಂದಕ್ಕೆ ಜಾರಿ ಮುಂದೆ ಕುತ್ತಿಗೆ ಒತ್ತುತ್ತಿದ್ದರೆ ಭುಜ ಮುಂದಕ್ಕೆ ಬಾಗಿದೆ ಅಂತ ಅರ್ಥ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಲ್ಲಿ ಇದು ಬಹಳ. ಭುಜದ ಹೊಲಿಗೆಯನ್ನು ತೋಳಿನ ಕಡೆ ತುದಿಯಲ್ಲಿ ಕಾಲು ಇಂಚಿನಿಂದ ಅರ್ಧ ಇಂಚು ಮುಂದಕ್ಕೆ ತಂದರೆ ಆಯ್ತು, ಅಂದರೆ ಮುಂಭಾಗದ ಭುಜದಿಂದ ಕತ್ತರಿಸಿದ್ದನ್ನು ಹಿಂಭಾಗಕ್ಕೆ ಸೇರಿಸೋದು. ಒಂದು ಸಲಕ್ಕೆ ಒಂದೇ ತಿದ್ದುಪಡಿ ಮಾಡಿ. ಮೂರನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯ್ತು ಗೊತ್ತಾಗಲ್ಲ.

ಬಟ್ಟೆಯ ವಿಷಯ. ಹತ್ತಿಯದಾದರೆ ನೆನೆಸಿ ಒಣಗಿಸಿದ ಮೇಲೇ ಕತ್ತರಿಸಬೇಕು, ಲೈನಿಂಗೂ ಸೇರಿ. ನಾನಿರೋದು ಚಿಕ್ಕಮಗಳೂರಿನಲ್ಲಿ. ಇಲ್ಲಿ ಆಷಾಢದ ಮಳೆಯಲ್ಲಿ ನೆನೆಸಿದ ಬಟ್ಟೆ ಒಣಗೋದೇ ಒಂದು ದೊಡ್ಡ ಕಥೆ, ಮುಗ್ಗಲು ವಾಸನೆ ಬೇರೆ. ಹಾಗಂತ ಅರೆಬರೆ ಒಣಗಿದ್ದನ್ನು ಇಸ್ತ್ರಿಪೆಟ್ಟಿಗೆಯಲ್ಲಿ ಎಳೆದೆಳೆದು ಒಣಗಿಸಬೇಡಿ. ಹಸಿ ಬಟ್ಟೆ ಎಳೆದ ಕಡೆಗೆ ಹಿಗ್ಗಿ ಕೂರುತ್ತೆ, ಮುಂದಿನ ಒಗೆತಕ್ಕೆ ಕುಗ್ಗುತ್ತೆ. ಇಸ್ತ್ರಿಯನ್ನು ಒತ್ತಿ ಎತ್ತಿ, ಉಜ್ಜಬೇಡಿ. ಹಾಸನದಲ್ಲಿ ನಮ್ಮಷ್ಟು ಮಳೆ ಇಲ್ಲ, ನಿಮ್ಮದು ಪುಣ್ಯ. ಹಾಸುವಾಗ ಪ್ಯಾಟರ್ನಿನ ಮೇಲಿನ ಬಾಣದ ಗುರುತು ಬಟ್ಟೆಯ ಉದ್ದಕ್ಕೂ ಬರೋ ಗಟ್ಟಿ ನೇಯ್ಗೆಯ ಅಂಚಿಗೆ ಸಮಾನಾಂತರ ಇದೆಯಾ ಅಂತ ಎರಡೂ ತುದಿಯಲ್ಲಿ ಟೇಪ್ ಹಿಡಿದು ನೋಡಿ. ಬಟ್ಟೆ ಉಳಿಸೋಕೆ ಸ್ವಲ್ಪ ವಾರೆ ಹಾಸಿದರೆ ಒಗೆದ ಮೇಲೆ ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆ ಮೇಲೆ ಬರುತ್ತೆ.

ಇನ್ನು ಪ್ರಿಂಟ್. ಪಿಡಿಎಫ್ ಪ್ಯಾಟರ್ನಿನಲ್ಲಿ ಅಳತೆ ನೋಡೋಕೆ ಒಂದು ಚೌಕ ಕೊಟ್ಟಿರುತ್ತಾರೆ. ಮೊದಲು ಆ ಒಂದು ಹಾಳೆ ಮಾತ್ರ ತೆಗೆಸಿ ಸ್ಕೇಲ್ ಇಟ್ಟು ನೋಡಿ. ಜೆರಾಕ್ಸ್ ಅಂಗಡಿಯವರು ಪುಟಕ್ಕೆ ಹೊಂದಿಸಿ ಪ್ರಿಂಟ್ ಕೊಟ್ಟರೆ ಎಲ್ಲ ಅಳತೆಯೂ ಬದಲಾಗುತ್ತೆ. 100 ಪರ್ಸೆಂಟ್ ಅಂತಲೇ ಹೇಳಿ. ಎ4 ಹಾಳೆ ಅಂಟಿಸೋ ತಾಳ್ಮೆ ಇಲ್ಲದಿದ್ದರೆ ಎಂಜಿನಿಯರ್‌ಗಳು ಮನೆ ಪ್ಲಾನ್ ತೆಗೆಸೋ ಕಡೆ ಎ0 ಹಾಳೆಯಲ್ಲಿ ಕೇಳಿ. ಹೊಲಿಗೆಗೆ ಬಿಡೋ ಮಾರ್ಜಿನ್ ಪ್ಯಾಟರ್ನಿನಲ್ಲಿ ಸೇರಿದೆಯಾ ಅಂತ ಓದಿ ನೋಡಿ. ಅಮೆರಿಕದವುಗಳಲ್ಲಿ ಸಾಮಾನ್ಯವಾಗಿ 5/8 ಇಂಚು ಸೇರಿರುತ್ತೆ, ಜರ್ಮನಿಯ ಬುರ್ಡಾ ಪತ್ರಿಕೆಯ ಹಾಳೆಗಳಲ್ಲಿ ಸೇರಿರಲ್ಲ, ನಾವೇ ಬಿಡಬೇಕು. ಏನೇ ಇರಲಿ, ಪಕ್ಕದಲ್ಲಿ ನಮ್ಮ ಟೈಲರ್‌ಗಳ ಹಾಗೆ 1 ಇಂಚು ಒಳಗೆ ಬಿಟ್ಟಿರಿ. ದೀಪಾವಳಿ ಮುಗಿಯೋ ಹೊತ್ತಿಗೆ ಬೇಕಾಗುತ್ತೆ.

ಈಗಾಗಲೇ ಹೊಲಿದಿರೋ ಕುರ್ತಾವನ್ನು ಪೂರ್ತಿ ಬಿಚ್ಚಿ ಸರಿಮಾಡೋಕೆ ಹೋಗಬೇಡಿ. ಕತ್ತರಿಸಿದ ಕುತ್ತಿಗೆ ವಾಪಸ್ ಬರಲ್ಲ. ಭುಜದ ಹತ್ತಿರ ಒಂದೆರಡು ಚಿಕ್ಕ ಮಡಿಕೆ ಹಿಡಿದು ಮನೆಯಲ್ಲಿ ಹಾಕಿಕೊಳ್ಳಿ. ಅಪ್ಪರ್ ಚೆಸ್ಟ್, ಎದೆ, ಬೆನ್ನಿನ ಕಡೆಯಿಂದ ಭುಜದ ತುದಿಯಿಂದ ತುದಿಗೆ, ಈ ಮೂರು ಅಳತೆ ಇನ್ನೊಬ್ಬರ ಕೈಲಿ ತೆಗೆಸಿ ಇಲ್ಲಿ ಬರೆಯಿರಿ, ಪ್ಯಾಟರ್ನಿನ ಚಾರ್ಟೂ ಹಾಕಿ. ಯಾವ ಸೈಜ್, ಎಷ್ಟು ಹಿಗ್ಗಿಸಬೇಕು ಅಂತ ಲೆಕ್ಕ ಹಾಕಿ ಹೇಳ್ತೀನಿ.