ಕೊಳವೆಯೊಳಗಿನ ಚಿತ್ರ ಯಾರ ಬಳಿ ಇರಬೇಕು?

ಪ್ರಶ್ನೆ: ನಮ್ಮ ಬಡಾವಣೆಯ ಒಳಚರಂಡಿ ಪ್ರತಿ ಮಳೆಗಾಲದಲ್ಲೂ ಒಂದೇ ಜಾಗದಲ್ಲಿ ಉಕ್ಕುತ್ತದೆ. ಹಿಂದೊಮ್ಮೆ ಕೊಳವೆಯೊಳಗೆ ಕ್ಯಾಮೆರಾ ಬಿಟ್ಟು ಚಿತ್ರೀಕರಿಸಿದ್ದನ್ನು ನಾವೇ ನಿಂತು ನೋಡಿದ್ದೇವೆ. ಈಗ ಒಳಚರಂಡಿ ಕಚೇರಿಯಲ್ಲಿ ವಿಚಾರಿಸಿದರೆ, ಆ ವಿಡಿಯೊ ಆಗಿನ ಗುತ್ತಿಗೆದಾರರ ಬಳಿಯೇ ಉಳಿಯಿತು, ಮತ್ತೆ ತಪಾಸಣೆ ಮಾಡಿಸಬೇಕು ಎನ್ನುತ್ತಾರೆ. ಒಮ್ಮೆ ತೆಗೆದ ಚಿತ್ರವನ್ನು ಉಳಿಸಿಕೊಳ್ಳುವುದು ಅಷ್ಟು ಕಷ್ಟವೇ?
— ನಿವಾಸಿಗಳ ಸಂಘದ ಕಾರ್ಯದರ್ಶಿಯೊಬ್ಬರು

ಉತ್ತರ: ಕಷ್ಟವೇನಲ್ಲ. ಆದರೆ ಕ್ಯಾಮೆರಾ ತರಿಸುವಾಗ ಇರುವ ಉತ್ಸಾಹ ದಾಖಲೆ ಇಡುವಾಗ ಇರುವುದಿಲ್ಲ. ನಿಮ್ಮ ವಿಡಿಯೊ ನಾಳೆಯೇ ಕೈಗೆ ಸಿಕ್ಕಿದರೂ, ಯಾವ ಮ್ಯಾನ್‌ಹೋಲ್‌ನಿಂದ ಯಾವ ಮ್ಯಾನ್‌ಹೋಲ್‌ವರೆಗೆ ಚಿತ್ರೀಕರಿಸಿದರು, ಕ್ಯಾಮೆರಾ ಹರಿವಿನ ದಿಕ್ಕಿನಲ್ಲಿ ಸಾಗಿತೋ ಎದುರಾಗಿ ಸಾಗಿತೋ, ಕೊಳವೆಯ ವ್ಯಾಸವೆಷ್ಟು, ಮೊದಲೇ ರಭಸದ ನೀರು ಹಾಯಿಸುವ ಜೆಟ್ಟಿಂಗ್ ಯಂತ್ರದಿಂದ ಹೂಳು ತೆಗೆದಿದ್ದರೋ ಇಲ್ಲವೋ ಎಂಬ ವಿವರಗಳು ಅದರೊಂದಿಗೆ ಇಲ್ಲದಿದ್ದರೆ ಅದು ಯಾವುದೋ ಕೊಳವೆಯ ಯಾವುದೋ ಚಿತ್ರವಾಗಿಯೇ ಉಳಿಯುತ್ತದೆ.

ಸರಿಯಾದ ತಪಾಸಣೆಯಲ್ಲಿ ದೋಷದ ಜಾಗವನ್ನು ಎರಡು ಅಳತೆಗಳಿಂದ ಗುರುತಿಸುತ್ತಾರೆ. ಮೊದಲನೆಯದು ಆರಂಭದ ಮ್ಯಾನ್‌ಹೋಲ್‌ನಿಂದ ಇರುವ ದೂರ. ಕ್ಯಾಮೆರಾದ ಹಿಂದೆ ಎಷ್ಟು ಕೇಬಲ್ ಬಿಚ್ಚಿಕೊಂಡಿದೆ ಎಂಬುದನ್ನು ಮಾಪಕವು ಅಳೆದು ತೆರೆಯ ಮೇಲೆ ತೋರಿಸುತ್ತಿರುತ್ತದೆ. ಎರಡನೆಯದು ಕೊಳವೆಯ ಸುತ್ತಿನಲ್ಲಿ ಅದು ಎಲ್ಲಿದೆ ಎಂಬುದು. ಇದನ್ನು ಗಡಿಯಾರದ ಅಂಕಿಗಳಲ್ಲಿ ಬರೆಯುತ್ತಾರೆ, 12 ಎಂದರೆ ನೆತ್ತಿ, 6 ಎಂದರೆ ತಳ. ಈ ಅಂಕಿಯೊಂದೇ ಎಷ್ಟೋ ಸಲ ದುರಸ್ತಿಯ ದಾರಿಯನ್ನು ಸೂಚಿಸುತ್ತದೆ. 6ರಲ್ಲಿ ಹೂಳು ಕಂಡರೆ ಅದು ಸ್ವಚ್ಛತೆಯ ಕೆಲಸ. ಕಾಂಕ್ರೀಟ್ ಕೊಳವೆಯಲ್ಲಿ 12ರ ಆಸುಪಾಸು ಪದರ ಉದುರಿ ಒಳಗಿನ ಕಂಬಿ ಕಾಣುತ್ತಿದ್ದರೆ, ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಗಂಧಕಾಮ್ಲವಾಗಿ ಮಾರ್ಪಡಿಸಿ ಕಾಂಕ್ರೀಟನ್ನು ಸವೆಸಿವೆ ಎಂದೇ ಹೆಚ್ಚಾಗಿ ತಿಳಿಯಬೇಕು. ಎಷ್ಟು ಬಾರಿ ಜೆಟ್ಟಿಂಗ್ ಮಾಡಿದರೂ ಅದು ಸರಿಹೋಗುವುದಿಲ್ಲ.

ಇದರ ಜೊತೆಗೆ ದೋಷಗಳನ್ನು ದಾಖಲಿಸಲು ಎಲ್ಲರೂ ಒಪ್ಪಿದ ಸಂಕೇತಗಳೂ ಬೇಕು. ಒಬ್ಬರು ‘ದೊಡ್ಡ ಬಿರುಕು’ ಎಂದು ಬರೆದದ್ದನ್ನು ಮುಂದಿನ ಬಾರಿ ಮತ್ತೊಬ್ಬರು ‘ಸಾಧಾರಣ’ ಎಂದು ಬರೆದರೆ ಕೊಳವೆ ತಾನಾಗಿ ಗುಣವಾಯಿತೆಂದು ಭಾವಿಸಬೇಕಾಗುತ್ತದೆ! ಬ್ರಿಟನ್‌ನ ಜಲ ಸಂಶೋಧನಾ ಕೇಂದ್ರವು 1980ರಲ್ಲೇ ಒಳಚರಂಡಿ ದೋಷಗಳ ವರ್ಗೀಕರಣದ ಕೈಪಿಡಿಯನ್ನು ಹೊರತಂದಿತು. ಅಮೆರಿಕದಲ್ಲಿ ಒಳಚರಂಡಿ ಉದ್ಯಮದವರ ಸಂಘವಾದ ನ್ಯಾಸ್ಕೊದ ಪದ್ಧತಿಯು ದೋಷಗಳಿಗೆ 1ರಿಂದ 5ರವರೆಗೆ ದರ್ಜೆ ನೀಡುತ್ತದೆ. 5 ಅತ್ಯಂತ ಗಂಭೀರ. ಅದೇ ಪದ್ಧತಿಯ ಪ್ರಕಾರ ಕ್ಯಾಮೆರಾ ನಿಮಿಷಕ್ಕೆ ಸುಮಾರು 9 ಮೀಟರ್‌ಗಿಂತ ವೇಗವಾಗಿ ಓಡಬಾರದು. ಮೀಟರ್ ಲೆಕ್ಕದಲ್ಲಿ ಹಣ ಪಡೆಯುವವರಿಗೆ ಈ ನಿಯಮ ಹಿಡಿಸುವುದಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಆದ್ದರಿಂದ ಪರಿಹಾರವನ್ನು ಟೆಂಡರ್‌ನಲ್ಲಿಯೇ ಬರೆಯಬೇಕು. ವಿಡಿಯೊ, ಸಂಕೇತಗಳ ಪಟ್ಟಿ ಮತ್ತು ಮ್ಯಾನ್‌ಹೋಲ್ ಸಂಖ್ಯೆಗಳು ಕಚೇರಿಯ ನಕ್ಷೆಗೆ ಜೋಡಣೆಯಾಗುವವರೆಗೆ ಅಂತಿಮ ಬಿಲ್ ಪಾವತಿಸುವುದಿಲ್ಲ ಎಂಬ ಒಂದು ಷರತ್ತು, ದುಬಾರಿ ತಂತ್ರಾಂಶಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ದೋಷಗಳನ್ನು ತಾನೇ ಗುರುತಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದಿವೆ, ನಿಜ. ಆದರೆ ಹೆಸರು, ವಿಳಾಸವಿಲ್ಲದ ಚಿತ್ರದ ಮುಂದೆ ಅವೂ ಅಸಹಾಯಕವೇ.

ಇನ್ನು ನಿಮ್ಮ ಬಡಾವಣೆಯ ಮಾತು. ಮಳೆಗಾಲದಲ್ಲಿ ಮಾತ್ರ ಉಕ್ಕುತ್ತದೆ ಎಂದಿರುವುದರಿಂದ, ತಾರಸಿಯ ಮಳೆನೀರನ್ನು ಒಳಚರಂಡಿಗೆ ಜೋಡಿಸಿರುವ ಮನೆಗಳ ಮೇಲೆ ನನ್ನ ಮೊದಲ ಅನುಮಾನ. ಬೇಸಿಗೆಯಲ್ಲಿ ತೆಗೆದ ವಿಡಿಯೊದಲ್ಲಿ ಆ ನೀರು ಕಾಣದು, ಜೋಡಣೆಗಳು ಮಾತ್ರ ಕಾಣುತ್ತವೆ. ಮಳೆ ನಿಂತ ಕೂಡಲೇ ಮತ್ತೊಮ್ಮೆ ಚಿತ್ರೀಕರಿಸಿ, ಯಾವ ಜೋಡಣೆಯಿಂದ ತಿಳಿನೀರು ಸುರಿಯುತ್ತಿದೆ ಎಂದು ಹಳೆಯ ಚಿತ್ರದೊಂದಿಗೆ ಹೋಲಿಸಿ ನೋಡಬೇಕು. ಹಳೆಯ ಚಿತ್ರ ಕಳೆದುಹೋದುದರ ನಷ್ಟ ತಿಳಿಯುವುದು ಇಲ್ಲಿಯೇ.

ಪ್ರಶ್ನೆ: ಕ್ಯಾಮೆರಾ ಬಂದ ಮೇಲೆ ಮನುಷ್ಯರು ಮ್ಯಾನ್‌ಹೋಲ್‌ಗೆ ಇಳಿಯುವುದು ನಿಲ್ಲುತ್ತದೆಯೇ?
— ಕಾಲೇಜು ವಿದ್ಯಾರ್ಥಿನಿಯೊಬ್ಬರು

ಉತ್ತರ: ನೋಡುವುದಕ್ಕಾಗಿ ಇಳಿಯುವ ಅಗತ್ಯ ಈಗಲೇ ಇಲ್ಲ. ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಜೂಮ್ ಕ್ಯಾಮೆರಾ ಕೂಡ ಮೇಲಿನಿಂದಲೇ ಕೊಳವೆಯ ಬಾಯಿಯನ್ನೂ ಅದರಾಚೆಗಿನ ಸ್ವಲ್ಪ ದೂರವನ್ನೂ ತೋರಿಸುತ್ತದೆ. ಕಟ್ಟಿಕೊಂಡದ್ದನ್ನು ಬಿಡಿಸಲು ಮಾತ್ರ ಜೆಟ್ಟಿಂಗ್, ಸಕ್ಕಿಂಗ್ ಯಂತ್ರಗಳು ಬೇಕೇ ಬೇಕು, ಕ್ಯಾಮೆರಾ ಹೂಳೆತ್ತುವುದಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗೆ ಜನರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಹೀಗೆ ಸತ್ತವರ ಕುಟುಂಬಕ್ಕೆ ನೀಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ರೂಪಾಯಿ ಎಂದು ನಿಗದಿಪಡಿಸಿ, 2023ರ ಅಕ್ಟೋಬರ್‌ನಲ್ಲಿ 30 ಲಕ್ಷಕ್ಕೆ ಏರಿಸಿತು. ಹಿಂದಿನ ತಪಾಸಣೆಯ ಚಿತ್ರ ಕಚೇರಿಯಲ್ಲಿದ್ದರೆ ‘ಏನಾಗಿದೆಯೋ ನೋಡಿ ಬಾ’ ಎಂದು ಯಾರನ್ನೂ ಇಳಿಸಲು ನೆಪ ಉಳಿಯುವುದಿಲ್ಲ.

ಪ್ರಶ್ನೆ: ನೀರು, ಒಳಚರಂಡಿ, ವಿದ್ಯುತ್, ದೂರಸಂಪರ್ಕದವರು ಒಬ್ಬರ ದಾಖಲೆಯನ್ನು ಇನ್ನೊಬ್ಬರು ನೋಡುವಂತಾದರೆ ರಸ್ತೆ ಅಗೆತ ಕಡಿಮೆಯಾದೀತೇ? ನಾಗರಿಕರೂ ಅದನ್ನು ನೋಡಬಹುದೇ?
— ನಿವೃತ್ತ ಶಿಕ್ಷಕರೊಬ್ಬರು

ಉತ್ತರ: ಅಗೆತಕ್ಕಿಂತ ಅಗೆಯುವಾಗ ಆಗುವ ಹಾನಿ ಮೊದಲು ಕಡಿಮೆಯಾಗುತ್ತದೆ. ಬ್ರಿಟನ್ ಸರ್ಕಾರದ ಅಂದಾಜಿನಂತೆ ಅಲ್ಲಿ ವರ್ಷಕ್ಕೆ ಸುಮಾರು 40 ಲಕ್ಷ ಗುಂಡಿಗಳನ್ನು ತೋಡುತ್ತಾರೆ. ಸುಮಾರು 60,000 ಬಾರಿ ಯಾವುದೋ ಕೊಳವೆಗೋ ಕೇಬಲ್‌ಗೋ ಪೆಟ್ಟು ಬೀಳುತ್ತದೆ. ಅದಕ್ಕಾಗಿಯೇ ಅವರು ನೆಲದಡಿಯ ಆಸ್ತಿಗಳ ರಾಷ್ಟ್ರೀಯ ನೋಂದಣಿಯನ್ನು ರೂಪಿಸಿದ್ದಾರೆ. ನಮ್ಮಲ್ಲಿ 2023ರ ಮಾರ್ಚ್‌ನಲ್ಲಿ ಆರಂಭವಾದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್, ಅಗೆಯುವವರು ಆ ಜಾಗದಲ್ಲಿ ಆಸ್ತಿ ಇರುವ ಸಂಸ್ಥೆಗಳಿಗೆ ಮುಂಚಿತವಾಗಿ ತಿಳಿಸುವ ವ್ಯವಸ್ಥೆ. ಅದು ಸೂಚನೆ ಕಳಿಸುತ್ತದೆ. ಕೊಳವೆ ಎಷ್ಟು ಆಳದಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಸಂಬಂಧಪಟ್ಟ ಇಲಾಖೆಯೇ ತನ್ನ ದಾಖಲೆ ತೆರೆದು ಹೇಳಬೇಕು. ಕೆಲಸಕ್ಕಾಗಿ ತೆರೆದ ಗುಂಡಿಯನ್ನು ಮುಚ್ಚುವ ಮೊದಲು ಅಳತೆಪಟ್ಟಿ ಇಟ್ಟು ತೆಗೆದ ಒಂದು ಫೋಟೊ, ಸ್ಥಳದ ಅಕ್ಷಾಂಶ ರೇಖಾಂಶಗಳೊಂದಿಗೆ ಹಂಚಿಕೆಯಾದರೆ, ಆ ಆಳದ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ.

ನಗರದ ಪೂರ್ಣ ನಕ್ಷೆಯನ್ನು ಎಲ್ಲರಿಗೂ ತೆರೆದಿಡಬೇಕೆಂದು ನಾನು ಹೇಳಲಾರೆ, ಭದ್ರತೆಯ ಪ್ರಶ್ನೆಯಿದೆ. ನಿಮ್ಮ ಬೀದಿಯ ತಪಾಸಣೆಯ ವಿಡಿಯೊ ಕೇಳಲು ಅದು ಅಡ್ಡಿಯಾಗಬಾರದು. ಮಾಹಿತಿ ಹಕ್ಕು ಕಾಯ್ದೆ, 2005ರ ಪ್ರಕಾರ ಸಾರ್ವಜನಿಕ ಪ್ರಾಧಿಕಾರದ ಹಿಡಿತದಲ್ಲಿರುವ ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲಿಯೂ ಪಡೆಯಬಹುದು, ಕಾಮಗಾರಿಯನ್ನು ಪರಿಶೀಲಿಸಲೂಬಹುದು. ಅರ್ಜಿಯಲ್ಲಿ ಮ್ಯಾನ್‌ಹೋಲ್ ಸಂಖ್ಯೆ ಬರೆಯಿರಿ. ಗೊತ್ತಿಲ್ಲದಿದ್ದರೆ ಅಡ್ಡರಸ್ತೆ ಮತ್ತು ಎದುರಿನ ಮನೆಯ ಸಂಖ್ಯೆ ಸಾಕು. ವಿಡಿಯೊದ ಜೊತೆಗೆ ಆ ತಪಾಸಣೆಗೆ ಸಂಬಂಧಿಸಿದ, ಕಾಮಗಾರಿಯ ಅಳತೆಗಳನ್ನು ಬರೆದಿಡುವ ಅಳತೆ ಪುಸ್ತಕದ ಪುಟ ಮತ್ತು ಬಿಲ್‌ನ ಪ್ರತಿಯನ್ನೂ ಕೇಳಿ. ಚಿತ್ರೀಕರಣಕ್ಕೆ ಹಣ ಪಾವತಿಯಾಗಿದ್ದರೆ, ವಿಡಿಯೊ ತಮ್ಮ ಬಳಿ ಏಕಿಲ್ಲ ಎಂಬುದಕ್ಕೆ ಕಚೇರಿಯವರು ಬರವಣಿಗೆಯಲ್ಲಿ ಉತ್ತರ ಕೊಡಬೇಕಾಗುತ್ತದೆ.