ಐರ್ಲೆಂಡ್‌ಗೆ ಬಂದು ಎರಡು ವರ್ಷ ಆಯ್ತು, ಮಗನ ಜಿಎಎ (ಹರ್ಲಿಂಗ್, ಗೇಲಿಕ್ ಫುಟ್‌ಬಾಲ್ ಅನ್ನೋ ಇಲ್ಲಿನ ಆಟಗಳ ಸಂಸ್ಥೆ) ಕ್ಲಬ್‌ನವರು ಅಂಡರ್-9 ಟೀಮಿಗೆ ಕೋಚ್ ಆಗಿ ಅಂತಿದಾರೆ. ನಾನು ಕ್ರಿಕೆಟ್ ಬಿಟ್ಟು ಏನೂ ಆಡಿಲ್ಲ, ದುಡ್ಡೂ ಕೊಡಲ್ವಂತೆ. ಒಪ್ಕೊಳ್ಳಲಾ?

ಒಪ್ಕೊಳ್ಳಿ. ನನ್ನನ್ನೂ ಹಿಂಗೇ ಹಿಡಿದಿದ್ದು. ಶನಿವಾರ ಬೆಳಿಗ್ಗೆ ಮಗಳನ್ನ ಕ್ಲಬ್‌ನ ಪುಟ್ಟ ಮಕ್ಕಳ ಟ್ರೈನಿಂಗ್‌ಗೆ ಬಿಟ್ಟು ಕಾರಲ್ಲಿ ಹೀಟರ್ ಹಾಕ್ಕೊಂಡು ಆರಾಮಾಗಿ ಕೂತಿದ್ದೆ, ಒಬ್ಬರು ಬಂದು ಕಿಟಕಿ ತಟ್ಟಿ ಈ ಕೋನ್‌ಗಳನ್ನ ಸ್ವಲ್ಪ ಜೋಡಿಸಿಕೊಡ್ತೀರಾ ಅಂದ್ರು, ಜೋಡಿಸಿದೆ, ಆರು ವರ್ಷ ಆಯ್ತು ಆ ಕೋನ್‌ಗಳು ಇನ್ನೂ ನನ್ನ ಡಿಕ್ಕೀಲೇ ಇವೆ.

ದುಡ್ಡಿನ ಆಸೆ ಬಿಟ್ಬಿಡಿ. 1884ರಲ್ಲಿ ಥರ್ಲ್ಸ್ ಅನ್ನೋ ಊರಲ್ಲಿ ಈ ಸಂಸ್ಥೆ ಶುರುವಾಯ್ತು, ಇವತ್ತಿಗೂ ಆಟಗಾರರಿಗೆ ಸಂಬಳ ಅನ್ನೋದಿಲ್ಲ. ಡಬ್ಲಿನ್‌ನ ಕ್ರೋಕ್ ಪಾರ್ಕ್ ಸ್ಟೇಡಿಯಂನಲ್ಲಿ 82,000 ಜನರ ಮುಂದೆ ಫೈನಲ್ ಆಡಿದವನು ಆಮೇಲೆ ಸ್ಕೂಲಿಗೆ ಪಾಠ ಮಾಡೋಕೆ ಹೋಗ್ತಾನೆ. ಕ್ಲಬ್ ಅಂದ್ರೆ ನಮ್ಮ ಬೀದಿ ಗಣೇಶೋತ್ಸವ ಕಮಿಟಿ ಇದ್ದಂಗೆ ಅನ್ಕೊಳ್ಳಿ, ಒಂದು ಸಲ ಕುರ್ಚಿ ಎತ್ತಿಟ್ರಿ ಅಂದ್ರೆ ಮುಂದಿನ ವರ್ಷ ಚಂದಾ ಬುಕ್ಕು ನಿಮ್ಮ ಕೈಲೇ.

ಪೇಪರ್ ಕೆಲಸ ಮೊದಲು ಮುಗಿಸಿ. ಗಾರ್ಡಾ ವೆಟಿಂಗ್, ಅಂದ್ರೆ ಪೊಲೀಸ್ ವೆರಿಫಿಕೇಶನ್, ಆಮೇಲೆ ಮಕ್ಕಳ ಸುರಕ್ಷತೆ ಕೋರ್ಸು, ಶುರುವಿನ ಕೋಚಿಂಗ್ ಕೋರ್ಸು. ಇವಿಲ್ದೆ ಮಕ್ಕಳ ಟೀಮು ನಿಮ್ಮ ಕೈಗೆ ಕೊಡಲ್ಲ, ಕೊಡಲೂ ಬಾರದು.

ಈಗ ಕ್ರಿಕೆಟ್ ವಿಷಯ, ಯಾಕಂದ್ರೆ ನಾನು ಮುಗ್ಗರಿಸಿದ್ದು ಅಲ್ಲೇ. ಮೊದಲ ದಿನ ಜಂಬದಿಂದ ಹರ್ಲಿ (ಹರ್ಲಿಂಗ್ ಆಡೋ ಮರದ ಕೋಲು) ತಗೊಂಡು ಎಡಗೈ ಮೇಲೆ ಬಲಗೈ ಕೆಳಗೆ, ಥೇಟ್ ಬ್ಯಾಟ್ ಹಿಡಿದಂಗೆ ಹಿಡಿದು ಹೊಡೆದು ತೋರಿಸಿದೆ. ಬಾಲ್ ಏನೋ ಚೆನ್ನಾಗೇ ಹೋಯ್ತು, ಆದ್ರೆ ಏಳು ವರ್ಷದ ಒಬ್ಬಳು ನಿಮ್ಮ ಕೈ ಉಲ್ಟಾ ಇದೆ ಅಂದ್ಲು. ಹರ್ಲಿಂಗಲ್ಲಿ ಬಲಗೈಯವರಿಗೆ ಬಲಗೈ ಮೇಲ್ತುದೀಲಿ ಇರ್ಬೇಕು, ಅದು ಜಾಗ ಬಿಡೋ ಹಂಗೇ ಇಲ್ಲ. ಎಡಗೈ ಬಾಲ್ ಹಿಡಿಯುತ್ತೆ, ಎಸೆಯುತ್ತೆ, ಹೊಡೆಯೋ ಹೊತ್ತಿಗೆ ಬಂದು ಕೆಳಗೆ ಸೇರ್ಕೊಳ್ಳುತ್ತೆ. ಎರಡೂ ಕಡೆಯಿಂದ ಇದೇ ಹಿಡಿತದಲ್ಲೇ ಹೊಡೀಬೇಕು. ನಿಮ್ಮ ಮಗನೂ ಮನೇಲಿ ನಿಮ್ಮ ಜೊತೆ ಕ್ರಿಕೆಟ್ ಆಡಿದ್ರೆ ಈ ಚಾಳಿ ಇರುತ್ತೆ, ಈಗ್ಲೇ ಬಿಡಿಸಿ, ಹನ್ನೆರಡಾದ್ಮೇಲೆ ಬಿಡಿಸೋದು ಕಷ್ಟ. ಇನ್ನೊಂದು, ನೆಲದಿಂದ ಬಾಲ್ ಎತ್ತೋ ಜ್ಯಾಬ್ ಲಿಫ್ಟ್ ಇದೆಯಲ್ಲ, ಬಾರದ ಮಗೂನ ನೋಡಿ, ಸೊಂಟ ಬಗ್ಗಿರುತ್ತೆ, ಮಂಡಿ ಬಗ್ಗಿರಲ್ಲ, ತಲೆ ಬಾಲ್‌ನಿಂದ ದೂರ ಇರುತ್ತೆ. ಮಂಡಿ ಬಗ್ಗಿಸಿ, ತಲೆ ಬಾಲ್ ಮೇಲೆ ತಂದು, ಹೆಬ್ಬೆರಳು ಬಾಸ್ ಕಡೆಗೆ (ಹರ್ಲಿಯ ಆ ಅಗಲದ ತುದಿ) ತಿರುಗಿಸಿದ್ರೆ ಅರ್ಧ ಸರಿ ಹೋಯ್ತು.

ಆದ್ರೆ ನಿಜ ಹೇಳ್ಬೇಕು ಅಂದ್ರೆ ಟೆಕ್ನಿಕ್ ಗೊತ್ತಿಲ್ಲ ಅಂತ ಯಾರೂ ಕೆಟ್ಟ ಕೋಚ್ ಆಗಲ್ಲ, ಸಾಲು ನಿಲ್ಲಿಸಿ ಆಗ್ತಾರೆ. ನಾನೂ ಮೊದಲ ವರ್ಷ ಹದಿನೆಂಟು ಮಕ್ಕಳನ್ನ ಎರಡು ಸಾಲು ಮಾಡಿ, ಒಂದು ಬಾಲ್ ಆ ಕಡೆ ಈ ಕಡೆ, ನೋಡೋಕೆ ಪರೇಡ್ ತರ ಶಿಸ್ತಾಗಿತ್ತು, ಪೇರೆಂಟ್ಸ್‌ಗೂ ಖುಷಿ. ಒಂದಿನ ಸುಮ್ನೆ ಒಬ್ಬ ಹುಡುಗನ್ನೇ ಎಣಿಸಿದೆ, ಹತ್ತು ನಿಮಿಷದಲ್ಲಿ ಅವನಿಗೆ ಬಾಲ್ ಸಿಕ್ಕಿದ್ದು ನಾಲ್ಕು ಸಲ, ಮಿಕ್ಕ ಹೊತ್ತು ಹರ್ಲೀಲಿ ಮಣ್ಣು ಕೆದಕಿ ಎರೆಹುಳ ಹುಡುಕ್ತಿದ್ದ. ಅವನ ತಪ್ಪೇನಿದೆ ಹೇಳಿ. ಈಗ ಬಂದ ತಕ್ಷಣ ತಲೆಗೊಂದು ಸ್ಲಿಟರ್ (ಹರ್ಲಿಂಗ್ ಬಾಲು, ಚಿಕ್ಕವರಿಗೆ ಮೆತ್ತಗಿರೋದು ಸಿಗುತ್ತೆ), ಹತ್ತು ನಿಮಿಷ ಗೋಡೆಗೆ ಹೊಡ್ಕೊಂಡಿರ್ಲಿ, ಆಮೇಲೆ ಇಬ್ಬಿಬ್ಬರು, ಆಮೇಲೆ ನಾಲ್ಕು ನಾಲ್ಕು ಜನದ ಪುಟ್ಟ ಮ್ಯಾಚ್‌ಗಳು. ನೋಡೋಕೆ ಸಂತೆ ತರ ಇರುತ್ತೆ, ಇರ್ಲಿ ಬಿಡಿ.

ಈ ವಯಸ್ಸಲ್ಲಿ ಲೀಗ್ ಟೇಬಲ್ ಇಲ್ಲ, ಕಪ್ ಇಲ್ಲ. 12ರೊಳಗಿನವರದ್ದು ಗೋ ಗೇಮ್ಸ್ ಪದ್ಧತಿ, ಎಲ್ಲಾ ಮಕ್ಕಳೂ ಆಡ್ಬೇಕು. ಸ್ಕೋರ್ ಬರ್ಕೊಳ್ಳೋದು ಸೈಡ್‌ಲೈನಲ್ಲಿ ನಿಂತ ಅಪ್ಪಂದಿರು ಮಾತ್ರ. ನಾನೂ ಅದೇ ಜಾತಿ, ಒಂದು ಮ್ಯಾಚಲ್ಲಿ "ಹೊಡಿ ಹೊಡಿ ಹೊಡಿ" ಅಂತ ಕನ್ನಡದಲ್ಲೇ ಗಂಟಲು ಹರ್ಕೊಂಡೆ, ಮಗಳು ಮನೆ ತನಕ ಮಾತಾಡ್ಲಿಲ್ಲ, ಕಾರ್ ಇಳಿಯೋವಾಗ "ನೀವು ಕೂಗಿದ್ರೆ ನಂಗೆ ಬಾಲ್ ಕಾಣಲ್ಲ ಅಪ್ಪ" ಅಂದ್ಲು. ಆವತ್ತಿಂದ ಮ್ಯಾಚ್ ದಿನ ಬಾಯಲ್ಲಿ ಚ್ಯೂಯಿಂಗ್ ಗಮ್.

ಕ್ಲಬ್‌ನ ಇನ್ನೊಂದು ಆಟ ಗೇಲಿಕ್ ಫುಟ್‌ಬಾಲ್ ನಿಮಗೆ ಬೇಗ ಹತ್ತುತ್ತೆ. ಕೈಲಿ ಬಾಲ್ ಇಟ್ಕೊಂಡು ನಾಲ್ಕು ಹೆಜ್ಜೆ, ಆಮೇಲೆ ನೆಲಕ್ಕೆ ಪುಟಿಸ್ಬೇಕು ಇಲ್ಲಾ ಕಾಲಿಂದ ಕೈಗೆ ಒದ್ಕೋಬೇಕು (ಸೋಲೋ ಅಂತಾರೆ), ಸತತ ಎರಡು ಸಲ ಪುಟಿಸೋ ಹಂಗಿಲ್ಲ. ಹುಡುಗರು ನೆಲದ ಬಾಲನ್ನ ನೇರವಾಗಿ ಕೈಲಿ ಎತ್ತೋ ಹಂಗಿಲ್ಲ, ಬಾಲ್ ಅಡಿಗೆ ಕಾಲ್ತುದಿ ಹಾಕಿ ಎತ್ತಬೇಕು, ಹೆಂಗಸರ ಫುಟ್‌ಬಾಲಲ್ಲಿ ಎತ್ತಬಹುದು, ಮಗಳ ಟೀಮಿಂದ ಹುಡುಗರ ಟೀಮಿಗೆ ಹೋದಾಗ ನಾನು ಇದನ್ನ ಮರ್ತು ಫಜೀತಿ ಆಗಿತ್ತು. ಅಡ್ಡಪಟ್ಟಿ ಮೇಲಿಂದ ಹೋದ್ರೆ 1 ಪಾಯಿಂಟು, ಬಲೆಗೆ ಬಿದ್ರೆ ಗೋಲ್, ಅಂದ್ರೆ 3. ಟಿವೀಲಿ ದೊಡ್ಡೋರ ಮ್ಯಾಚಲ್ಲಿ ಕಿತ್ತಳೆ ಬಾವುಟ ಎತ್ತಿದ್ರೆ ಗಾಬರಿ ಬೇಡ, 2025ರಿಂದ 40 ಮೀಟರ್ ಕಮಾನಿನ ಆಚೆಯಿಂದ ಹೊಡೆದಿದ್ದಕ್ಕೆ 2 ಪಾಯಿಂಟು.

ದೊಡ್ಡೋರ ಟೀಮಿಗೆ ಈಗ್ಲೇ ಕರೆದ್ರೆ ಬೇಡ ಅನ್ನಿ. ನಾನು ಕೆಳಗಿನ ದರ್ಜೆ ಟೀಮಿಗೆ ಒಂದು ಸೀಸನ್ ನೀರು ಹೊತ್ತಿದೀನಿ, ಅಲ್ಲಿ ಕೋಚಿಂಗಿಗಿಂತ ವಾಟ್ಸಾಪಲ್ಲಿ ಬರ್ತೀಯಾ ಬರಲ್ವಾ ಅಂತ ಬೇಡೋದೇ ಜಾಸ್ತಿ, 15 ಜನ ಬೇಕು, 13 ಜನ ಇರ್ತಾರೆ, ಅದ್ರಲ್ಲಿ ಒಬ್ಬನಿಗೆ ಹ್ಯಾಂಗೋವರ್.

ಮಗನಿಗೆ ಹರ್ಲಿ ಕೊಳ್ಳೋವಾಗ ಬೆಳೀತಾನೆ ಅಂತ ಸ್ಕೂಲ್ ಯೂನಿಫಾರಂ ತರ ಒಂದು ಸೈಜ್ ದೊಡ್ಡದು ತಗೋಬೇಡಿ. ನೆಟ್ಟಗೆ ನಿಲ್ಲಿಸಿ, ಕೈ ಕೆಳಗೆ ಬಿಟ್ಟಾಗ ಅದರ ತುದಿ ಮಣಿಕಟ್ಟಿನ ಮೂಳೆ ಹತ್ರ ಬಂದ್ರೆ ಸಾಕು. ಮುಖಕ್ಕೆ ಗಾರ್ಡ್ ಇರೋ ಹೆಲ್ಮೆಟ್ ಕಡ್ಡಾಯ, 2010ರಿಂದ ಎಲ್ಲರಿಗೂ. ಮೊದಲ ಶನಿವಾರ ನಿಮಗೆ ಕೊಡೋ ಕೆಲಸ ಬಹುಶಃ ಅದರ ಸ್ಟ್ರ್ಯಾಪ್ ಹಾಕೋದೇ, ಚಳೀಲಿ ಬೆರಳು ಮರಗಟ್ಟಿರುತ್ತೆ, ಇಪ್ಪತ್ತು ಗಲ್ಲ ಸಾಲಾಗಿ ನಿಮ್ಮ ಮುಂದೆ, ಬೆರಳು ತುದಿ ಇಲ್ದಿರೋ ಗ್ಲೌಸ್ ಹಾಕ್ಕೊಂಡು ಹೋಗಿ.